ಸಣ್ಣ ಟ್ರಕ್ಕಿಗೆ ಯಾವ ಎಣ್ಣೆ?

ಗೋವಾದ ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ಟ್ರಕ್ಕು ಹೊಸದೇನಲ್ಲ. ಅಪ್ಪ ಡ್ರೈವರ್, ಇಲ್ಲವೇ ಮಾಮ ಕ್ಲೀನರ್, ಇಲ್ಲವೇ ಪಕ್ಕದ ಮನೆಯವರದ್ದೊಂದು ಟಿಪ್ಪರ್. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದಿಂದ ಬಂದು ವಾಸ್ಕೋ ಸುತ್ತಮುತ್ತ ನೆಲೆಸಿದ ಎಷ್ಟೋ ಮನೆಗಳ ಒಲೆ ಉರಿದದ್ದೇ ಗಾಲಿ ತಿರುಗಿದ್ದರಿಂದ. ಹಾಗಾಗಿ ವಿಜ್ಞಾನ ಪ್ರದರ್ಶನಕ್ಕೆ ಏನು ತರುತ್ತೀರಿ ಎಂದು ಕೇಳಿದಾಗ ಏಳನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು "ಟ್ರಕ್ ತರ್ತೀನ್ರಿ ಸರ" ಎಂದಾಗ ನಮಗೆ ಆಶ್ಚರ್ಯವೇನೂ ಆಗಲಿಲ್ಲ. ರಟ್ಟಿನ ಡಬ್ಬಿಗೆ ಬಾಟಲಿ ಮುಚ್ಚಳದ ಗಾಲಿ ಹಚ್ಚಿ ತರುತ್ತಾನೆ ಎಂದುಕೊಂಡೆವು.

ಮರುದಿನ ಅವನು ತಂದದ್ದು ನೋಡಿ ನಾವಿಬ್ಬರೂ (ಒಬ್ಬರು ವಿಜ್ಞಾನ ಕಲಿಸುವವರು, ಇನ್ನೊಬ್ಬರು ಗಣಿತ) ಸುಮ್ಮನಾದೆವು. ಮೊಳದುದ್ದದ, ರಿಮೋಟಿನಿಂದ ಓಡುವ ಟ್ರಕ್ಕು. ಬ್ಯಾಟರಿಯ ಆಟಿಕೆಯಲ್ಲ, ಒಳಗೆ ನಿಜವಾದ ಇಂಜಿನ್ನು! ಸಿಲಿಂಡರ್, ಪಿಸ್ಟನ್, ಕಾರ್ಬ್ಯುರೇಟರ್, ಸೈಲೆನ್ಸರ್, ಎಲ್ಲವೂ ಇದ್ದವು. ಗಾತ್ರ 3.5 ಸಿಸಿ. ಗಲ್ಫಿನಲ್ಲಿ ಡ್ರೈವರ್ ಆಗಿರುವ ಅವನ ಸೋದರಮಾವ, ಯಜಮಾನರ ಮನೆಯಲ್ಲಿ ಬೇಡವೆಂದು ಬಿಟ್ಟದ್ದನ್ನು ಅಳಿಯನಿಗೆಂದು ತಂದುಕೊಟ್ಟಿದ್ದರು. ಟ್ರಕ್ಕು ಬಂತು, ರಿಮೋಟು ಬಂತು. ಇಂಧನ ಮಾತ್ರ ಬರಲಿಲ್ಲ. ವಿಮಾನದಲ್ಲಿ ಅದನ್ನು ತರುವ ಹಾಗಿಲ್ಲ.

"ಸರ, ಇದಕ್ಕ ಏನು ಹಾಕಬೇಕ್ರಿ?"

ಪ್ರಶ್ನೆ ಇಷ್ಟೇ. ಈ ಇಷ್ಟು ಪ್ರಶ್ನೆ ನಮ್ಮನ್ನು ಎಲ್ಲಿಗೆ ಒಯ್ದಿತು ಎನ್ನುವುದನ್ನೇ ಇಲ್ಲಿ ಬರೆಯಹೊರಟಿದ್ದೇವೆ.

ಹುಡುಗನ ಅಪ್ಪ ಮೊದಲು ಸಾವರ್ಡೆ ಕಡೆ ಗಣಿಯ ಅದಿರು ಹೊರುವ ಟಿಪ್ಪರ್ ಓಡಿಸುತ್ತಿದ್ದವರು. 2012ರಲ್ಲಿ ಗಣಿ ನಿಂತಾಗ ಒಮ್ಮೆ ಕೈ ಖಾಲಿ, ಮತ್ತೆ ಶುರುವಾಗಿ 2018ರ ಮಾರ್ಚಿನಲ್ಲಿ ನಿಂತಾಗ ಇನ್ನೊಮ್ಮೆ. ಈಗ ನೀರಿನ ಟ್ಯಾಂಕರ್ ಓಡಿಸುತ್ತಾರೆ. ಇಂಜಿನ್ನಿನ ವಿಷಯದಲ್ಲಿ ಅವರ ಮಾತೇ ಮಾತು ಎಂದು ಅವರನ್ನೇ ಕೇಳಿದೆವು. "ಟೂ-ಸ್ಟ್ರೋಕ್ ಐತ್ರಿ ಸರ. ಪೆಟ್ರೋಲಿಗೆ ಟೂ-ಟಿ ಎಣ್ಣಿ ಕೂಡಿಸಿ ಹಾಕಿದ್ರ ಮುಗೀತು" ಎಂದರು. ನಮಗೂ ಸರಿ ಎನಿಸಿತು. ಹಳೆಯ ಸ್ಕೂಟರುಗಳಿಗೆ ನಾವೂ ಹಾಗೆಯೇ ಹಾಕಿಸಿದವರಲ್ಲವೇ!

ಹಾಕಿದೆವು. ದಾರ ಎಳೆದೆವು, ಎಳೆದೇ ಎಳೆದೆವು. ಒಮ್ಮೆಯೂ 'ಟರ್' ಎನ್ನಲಿಲ್ಲ. ಒಂದು ಗಂಟೆಯ ಮೇಲೆ ನೋಡಿದರೆ ಟ್ಯಾಂಕಿನಿಂದ ಹೋಗುವ ಸಿಲಿಕೋನ್ ಕೊಳವೆ ನೆನೆಸಿದ ಕಡಲೆಯಂತೆ ಉಬ್ಬಿತ್ತು. ಹುಡುಗ ನಮ್ಮ ಮುಖ ನೋಡುತ್ತಿದ್ದ. ಮಾಸ್ತರರಾಗಿ ಇಪ್ಪತ್ತು ವರ್ಷ ಕಳೆದರೂ ಆ ನೋಟವನ್ನು ಎದುರಿಸುವುದು ಕಷ್ಟ ಕಣ್ರೀ.

ಕೊನೆಗೆ ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನ್ ಹಚ್ಚಿದೆವು. ಇಂಥ ಗಾಡಿ, ವಿಮಾನಗಳ ಹುಚ್ಚು ಅವನಿಗೆ. ವಿಷಯ ಕೇಳಿ ಜೋರಾಗಿ ನಕ್ಕ. ಆಮೇಲೆ ಪಾಠ ಮಾಡಿದ. ನಮಗೆ ನಮ್ಮ ವಿದ್ಯಾರ್ಥಿಯಿಂದ ಪಾಠ!

ಈ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಇರುವುದು ಗ್ಲೋ ಪ್ಲಗ್. ಅದರೊಳಗೆ ಪ್ಲಾಟಿನಂ ಬೆರೆತ ಸಣ್ಣ ತಂತಿಯ ಸುರುಳಿ. ಶುರುವಿನಲ್ಲಿ ಒಂದೂವರೆ ವೋಲ್ಟಿನ ಬ್ಯಾಟರಿಯಿಂದ ಅದನ್ನು ಕೆಂಪಗೆ ಕಾಯಿಸಬೇಕು. ಇಂಜಿನ್ನು ಹತ್ತಿದ ಮೇಲೆ ಬ್ಯಾಟರಿ ತೆಗೆದರೂ ತಂತಿ ಹೊಳೆಯುತ್ತಲೇ ಇರುತ್ತದೆ. ಹೇಗೆ? ಪ್ಲಾಟಿನಂ ಮತ್ತು ಮೆಥನಾಲ್ ಸೇರಿದಾಗ ಮೇಲ್ಮೈಯಲ್ಲಿ ರಾಸಾಯನಿಕ ಕ್ರಿಯೆ ನಡೆದು ಬಿಸಿ ಹುಟ್ಟುತ್ತದೆ. ಪುಸ್ತಕದಲ್ಲಿ ನಾವು 'ವೇಗವರ್ಧಕ' ಎಂದು ಬೋರ್ಡಿನ ಮೇಲೆ ಬರೆಯುತ್ತೇವಲ್ಲ, ಅದೇ ಇದು. ಪೆಟ್ರೋಲಿನ ಜೊತೆ ಆ ತಂತಿಗೆ ಇಂಥ ನಂಟಿಲ್ಲ. ಆದ್ದರಿಂದ ಎಷ್ಟು ಎಳೆದರೂ ಅಷ್ಟೇ.

ಇದರ ಇಂಧನದಲ್ಲಿ ಮೂರು ವಸ್ತುಗಳು. ಹೆಚ್ಚಿನ ಪಾಲು ಮೆಥನಾಲ್, ಒಂದಿಷ್ಟು ನೈಟ್ರೋಮೀಥೇನ್, ಉಳಿದದ್ದು ಎಣ್ಣೆ. ನೈಟ್ರೋಮೀಥೇನ್ ಏಕೆ ಎಂದರೆ ಅದರ ಅಣುವಿನಲ್ಲೇ ಆಮ್ಲಜನಕ ಕೂತಿದೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಮೆಥನಾಲಿಗೆ ಸುಮಾರು 6.4 ಗ್ರಾಂ. ನೈಟ್ರೋಮೀಥೇನಿಗೆ ಬರೀ 1.7 ಗ್ರಾಂ! ತೂಕಕ್ಕೆ ತೂಕ ಹಿಡಿದರೆ ಪೆಟ್ರೋಲಿನಲ್ಲೇ ಶಕ್ತಿ ಹೆಚ್ಚು. ಆದರೆ ಬೆರಳ ತುದಿಯಷ್ಟು ಸಿಲಿಂಡರಿಗೆ ಹಿಡಿಯುವ ಗಾಳಿಯೇ ಸ್ವಲ್ಪ. ಅಷ್ಟೇ ಗಾಳಿಯಲ್ಲಿ ಹೆಚ್ಚು ಇಂಧನ ಉರಿಸಬಹುದಾದದ್ದರಿಂದ ಬಲವೂ ಹೆಚ್ಚು. ಡಬ್ಬಿಯಲ್ಲಿ ತಂದ ಊಟ ಕಡಿಮೆಯಾದರೂ ನೀರನ್ನು ಜೊತೆಗೇ ತಂದವನು ದೂರ ನಡೆಯುತ್ತಾನಲ್ಲ, ಹಾಗೆ.

ಫೋನಿನಲ್ಲಿ ಇಷ್ಟು ಕೇಳಿದ್ದೇ ತಡ, ನಮ್ಮ ತಲೆ ಓಡಿತು. ನಾವೇ ಬೆರೆಸಿದರೆ? ಪರಿಚಯದವರೊಬ್ಬರಿಂದ ಅರ್ಧ ಲೀಟರ್ ಮೆಥನಾಲ್ ತಂದೆವು. ಅದರೊಳಗೆ ಟೂ-ಟಿ ಎಣ್ಣೆ ಸುರಿದು ಕಲಕಿದೆವು. ಐದು ನಿಮಿಷದಲ್ಲಿ ಎಣ್ಣೆ ಬೇರೆ, ಮೆಥನಾಲ್ ಬೇರೆ. ಉಳಿದ ಮೆಥನಾಲನ್ನು ಏನು ಮಾಡಬೇಕೆಂದು ತಿಳಿಯದೆ ಮೇಜಿನ ಮೇಲೆ ಬಿಟ್ಟೆವು. ಎಂಥದರಲ್ಲಿ? ಕುಡಿಯುವ ನೀರಿನ ಖಾಲಿ ಬಾಟಲಿಯಲ್ಲಿ.

ಸಂಜೆ ಹಳೆಯ ವಿದ್ಯಾರ್ಥಿ ತಾನೇ ಮತ್ತೆ ಫೋನ್ ಮಾಡಿದ. ನಮ್ಮ ಪ್ರಯೋಗದ ಕಥೆ ಕೇಳಿ ಈ ಸಲ ನಗಲಿಲ್ಲ. "ಸರ್, ಆ ಬಾಟಲಿ ಈಗ ಎಲ್ಲಿದೆ?" ಎಂದ. ಮೇಜಿನ ಕಡೆ ನೋಡಿದೆವು. ಬಾಟಲಿ ಇರಲಿಲ್ಲ.

ಹುಡುಗ ಅಪ್ಪನಿಗೆ ತೋರಿಸಲೆಂದು ಅದನ್ನು ಮನೆಗೆ ಒಯ್ದಿದ್ದ. ನಾವು ಓಡಿದೆವು. ಶಾಲೆಯಿಂದ ಅವನ ಮನೆಗೆ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷ ನಾವಿಬ್ಬರೂ ಒಂದು ಮಾತನ್ನೂ ಆಡಲಿಲ್ಲ. ಒಂದೇ ಕೋಣೆಯ ಮನೆ. ಬಾಟಲಿ ನೀರಿನ ಕೊಡದ ಪಕ್ಕದಲ್ಲೇ ಕೂತಿತ್ತು. ಆಟವಾಡಿ ಬೆವರಿ ಬಂದ ಅವನ ತಂಗಿ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ನೋಡಲು ನೀರೇ. ಬಣ್ಣವಿಲ್ಲ, ವಾಸನೆಯೂ ಅಷ್ಟೇನಿಲ್ಲ. ಬಾಟಲಿಯನ್ನು ಎತ್ತಿ ಎದೆಗವಚಿಕೊಂಡೆವು.

ಏನೂ ಆಗಲಿಲ್ಲ. ಆದರೆ ಏನಾಗಬಹುದಿತ್ತು ಎನ್ನುವುದನ್ನು ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಮೆಥನಾಲ್ ಎರಡು ಚಮಚದಷ್ಟು ಒಳಗೆ ಹೋದರೂ ಕಣ್ಣು ಹೋಗಬಹುದು. ಇನ್ನೂ ಸ್ವಲ್ಪ ಹೆಚ್ಚಾದರೆ ಜೀವವೇ ಹೋಗಬಹುದು. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನು ಸುಡುತ್ತದೆ. ಅದೂ ಕೂಡಲೇ ಅಲ್ಲ, ಎಷ್ಟೋ ತಾಸುಗಳ ನಂತರ. ಅಷ್ಟರವರೆಗೆ ಎಲ್ಲ ಸರಿಯಿದೆ ಎಂದೇ ತೋರುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ, 2008ರಲ್ಲಿ ಕರ್ನಾಟಕ-ತಮಿಳುನಾಡು ಗಡಿಯ ಆಚೀಚೆ ಕಳ್ಳಭಟ್ಟಿ ಕುಡಿದು ನೂರಾರು ಜನ ಸತ್ತರಲ್ಲ, ಆ ಸಾರಾಯಿಯಲ್ಲಿ ಬೆರೆತಿದ್ದ ವಿಷ ಇದೇ.

ಹುಡುಗನ ಅಪ್ಪನ ಮುಂದೆ ತಪ್ಪು ನಮ್ಮದೇ ಎಂದು ಒಪ್ಪಿಕೊಂಡೆವು. ಅವರು ಸಿಟ್ಟಾಗಲಿಲ್ಲ. ಬಾಟಲಿ ನೋಡಿ, ಮಗಳನ್ನು ನೋಡಿ, "ದೇವರು ದೊಡ್ಡಾವ ಅದಾನ ಬಿಡ್ರಿ ಸರ" ಎಂದರು. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು. ಮೆಥನಾಲನ್ನು ಕೊಟ್ಟವರಿಗೇ ಅದೇ ರಾತ್ರಿ ವಾಪಸು ಮುಟ್ಟಿಸಿದೆವು.

ಪ್ರದರ್ಶನದಲ್ಲಿ ಟ್ರಕ್ಕು ಓಡಲಿಲ್ಲ. ಮೇಜಿನ ಮೇಲೆ ಸುಮ್ಮನೆ ನಿಂತಿತ್ತು. ಆದರೆ ಪಕ್ಕದಲ್ಲಿ ಹುಡುಗ ದೊಡ್ಡ ಅಕ್ಷರದಲ್ಲಿ ಬರೆದ ಹಾಳೆ ಇತ್ತು: 'ಈ ಟ್ರಕ್ಕಿಗೆ ಪೆಟ್ರೋಲ್ ಯಾಕೆ ಬೇಡ?' ಬಂದ ಪಾಲಕರೆಲ್ಲ ಅಲ್ಲೇ ಗುಂಪುಗೂಡಿದ್ದರು.

ಮುಂದಿನ ತಿಂಗಳು ಹಳೆಯ ವಿದ್ಯಾರ್ಥಿ ಸ್ವಂತ ಕಾರಿನಲ್ಲಿ ಗೋವಾಕ್ಕೆ ಬಂದವನು ಸೀಲು ಮುರಿಯದ ಒಂದು ಲೀಟರಿನ ಡಬ್ಬಿಯನ್ನೂ ಹೊಸ ಕೊಳವೆಯನ್ನೂ ತಂದ. (ರೈಲಿನಲ್ಲಿ, ಬಸ್ಸಿನಲ್ಲಿ ಇಂಥದನ್ನು ಒಯ್ಯುವುದು ಅಪರಾಧ, ನೆನಪಿರಲಿ.) ಡಬ್ಬಿಯ ಮೇಲೆ '16%' ಎಂದಿತ್ತು. ಅದೇ ಏಕೆ ಎಂದು ಕೇಳಿದೆವು. ಅವನು ಹೇಳಿದ್ದನ್ನು ನಮ್ಮ ಮಕ್ಕಳಿಗೆ ಬರೆಸಿದಂತೆಯೇ ಇಲ್ಲಿ ಕೊಡುತ್ತಿದ್ದೇವೆ.

1. ಗಾಡಿಯ ಇಂಧನ ಬೇರೆ, ಆಟದ ವಿಮಾನದ ಇಂಧನ ಬೇರೆ. ವಿಮಾನದ್ದರಲ್ಲಿ ನೈಟ್ರೋ ಸಾಮಾನ್ಯವಾಗಿ ಕಡಿಮೆ, ಎಣ್ಣೆ ಹೆಚ್ಚು. ಡಬ್ಬಿಯ ಮೇಲೆ ಓದಿಯೇ ಕೊಳ್ಳಬೇಕು.

2. ಗಾಡಿಯ ಇಂಧನದಲ್ಲಿ ನೈಟ್ರೋ ಸಾಧಾರಣವಾಗಿ 16ರಿಂದ 30 ಶೇಕಡಾ. ಹೆಚ್ಚು ಹಾಕಿದರೆ ಹೆಚ್ಚು ಓಡುತ್ತದೆ ಎಂಬ ಆಸೆ ಬೇಡ. ಬಿಸಿಯೂ ಹೆಚ್ಚು, ಖರ್ಚೂ ಹೆಚ್ಚು. ಇಂಜಿನ್ ಮಾಡಿದವರು ಪುಸ್ತಿಕೆಯಲ್ಲಿ ಹೇಳಿದ್ದೇ ಲೆಕ್ಕ. ಐರೋಪ್ಯ ಒಕ್ಕೂಟದಲ್ಲಂತೂ 2021ರಿಂದ 16ಕ್ಕಿಂತ ಹೆಚ್ಚಿನದನ್ನು ಪರವಾನಗಿ ಇಲ್ಲದ ಸಾಮಾನ್ಯರಿಗೆ ಮಾರುವಂತಿಲ್ಲ.

3. ಎಣ್ಣೆ ಕಡಿಮೆಯಾದರೆ ಇಂಜಿನ್ ಸತ್ತಂತೆ. ಈ ಇಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿ ಇಲ್ಲ. ಇಂಧನದ ಜೊತೆ ಬಂದದ್ದೇ ಅದಕ್ಕೆ ಜೀವ.

4. ಮುಚ್ಚಳ ಬಿಗಿಯಾಗಿರಬೇಕು. ಮೆಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಗೋವಾದ ಮಳೆಗಾಲದಲ್ಲಿ ತೆರೆದಿಟ್ಟ ಡಬ್ಬಿ ಹಾಳಾದಂತೆಯೇ.

5. ಮೆಥನಾಲಿನ ಬೆಂಕಿ ತಿಳಿನೀಲಿ. ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಬಿಸಿ ಇಂಜಿನ್ನಿಗೆ ಇಂಧನ ತುಂಬಬಾರದು.

6. ಆಟ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ನಿಗೆ ನಾಲ್ಕು ಹನಿ ಎಣ್ಣೆ ಬಿಡಬೇಕು. ಇಲ್ಲದಿದ್ದರೆ ಬೇರಿಂಗಿಗೆ ತುಕ್ಕು.

7. ನೀರಿನ ಬಾಟಲಿಗೆ ಸುರಿಯಲೇಬಾರದು. ಯಾರಾದರೂ ಕುಡಿದರೆ ಲಕ್ಷಣ ಕಾಣುವವರೆಗೆ ಕಾಯದೆ ಡಬ್ಬಿ ಸಮೇತ ಆಸ್ಪತ್ರೆಗೆ ಓಡಬೇಕು.

ಏಳನೆಯದನ್ನು ನಾವು ಬರೆಸುವಾಗ ಹುಡುಗ ತಲೆ ತಗ್ಗಿಸಿದ. ತಗ್ಗಿಸಬೇಕಾದವರು ನಾವಾಗಿದ್ದೆವು.

ಗಣಿತದ ಪಿರಿಯಡ್ಡಿನಲ್ಲಿ ಅದೇ ಡಬ್ಬಿ ಶೇಕಡಾ ಲೆಕ್ಕವಾಯಿತು. ಒಂದು ಲೀಟರಿನಲ್ಲಿ ನೈಟ್ರೋ 16 ಶೇಕಡಾ, ಎಣ್ಣೆ 12 ಶೇಕಡಾ ಎಂದು ಹಿಡಿದರೆ ಮೆಥನಾಲ್ ಎಷ್ಟು ಮಿಲಿಲೀಟರ್? ಎಂದೂ ಕೈ ಎತ್ತದ ಹುಡುಗಿಯೊಬ್ಬಳು "720" ಎಂದಳು.

ಒಂದು ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಸೇರಿದೆವು. ಗಂಟೆಗೆ 50 ಕಿಲೋಮೀಟರ್ ಮುಟ್ಟಬಲ್ಲ ಗಾಡಿಯದು, ಆದ್ದರಿಂದ ಮಕ್ಕಳೆಲ್ಲ ಕಟ್ಟೆಯ ಮೇಲೆ. ಮರಳಿನ ಬಕೆಟ್ ಪಕ್ಕದಲ್ಲಿ. ಇಂಧನ ಮುಟ್ಟುವವರು ದೊಡ್ಡವರು ಮಾತ್ರ, ಅದೂ ಕೈಗವಸು ಹಾಕಿ. ಮೂರನೆಯ ಸಲ ದಾರ ಎಳೆದಾಗ ಹತ್ತಿತು ನೋಡಿ! ಹಿಂದೆ ತೆಳ್ಳಗೆ ನೀಲಿ ಹೊಗೆ. ಹೊಗೆ ಇರಲೇಬೇಕಂತೆ. ಹೊಗೆಯೇ ಇಲ್ಲದಿದ್ದರೆ ಇಂಧನ ಸಾಲದೆ ಇಂಜಿನ್ ಕಾಯುತ್ತಿದೆ ಎಂದರ್ಥ, ಆಗ ಸೂಜಿಯ ತಿರುಪನ್ನು ಸ್ವಲ್ಪ ಎಡಕ್ಕೆ ತಿರುಗಿಸಬೇಕು. ಇಂಜಿನ್ನಿನ ತಲೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿದ. ಬಿದ್ದ ಕೂಡಲೇ ಚುಂಯ್ ಎಂದು ಹಾರಿಹೋದರೆ ಬಿಸಿ ಅತಿಯಾಗಿದೆ, ಮೂರ್ನಾಲ್ಕು ಸೆಕೆಂಡು ನಿಂತು ಆರಿದರೆ ಸರಿ.

ರಿಮೋಟು ಹುಡುಗನ ಕೈಯಲ್ಲಿತ್ತು. ಟ್ರಕ್ಕು ಕೆಂಪು ಧೂಳೆಬ್ಬಿಸಿಕೊಂಡು ಸುತ್ತು ಹಾಕುತ್ತಿತ್ತು. ಮಕ್ಕಳ ಕೂಗಿಗೆ ಕೊನೆಯೇ ಇರಲಿಲ್ಲ. ಹುಡುಗನ ಅಪ್ಪ ಮಾತ್ರ ಗಾಡಿ ನೋಡುವುದು ಬಿಟ್ಟು ಮೂಗೆಳೆದು ನಿಂತಿದ್ದರು.

"ಸರ, ಇದು ಔಡಲೆಣ್ಣಿ ವಾಸನಿ ಅಲ್ಲೇನ್ರಿ?"

ಹೌದು! ಡಬ್ಬಿಯ ಮೇಲೆ ಕ್ಯಾಸ್ಟರ್ ಎಂದೇ ಬರೆದಿತ್ತು. ಹರಳೆಣ್ಣೆ, ನಮ್ಮ ಮಕ್ಕಳ ಮನೆಮಾತಿನ ಔಡಲೆಣ್ಣಿ. ಖನಿಜ ಎಣ್ಣೆ ಮೆಥನಾಲಿನಲ್ಲಿ ಕರಗದು, ಔಡಲೆಣ್ಣೆ ಕರಗುತ್ತದೆ. ಎಷ್ಟು ಕಾದರೂ ಲೋಹಕ್ಕೆ ಅಂಟಿಕೊಂಡು ಕಾಯುತ್ತದೆ. ಮೊದಲ ಮಹಾಯುದ್ಧದ ಕಾಲದ ಎಷ್ಟೋ ಯುದ್ಧವಿಮಾನಗಳ ಇಂಜಿನ್ನಿಗೆ ಬಿಡುತ್ತಿದ್ದದ್ದೂ ಇದನ್ನೇ ಎಂದು ಹಳೆಯ ವಿದ್ಯಾರ್ಥಿ ಹೇಳಿದ.

"ನಮ್ಮಪ್ಪ ಬಂಡಿ ಕೀಲಿಗೆ ಇದನ್ನ ಹಚ್ಚತಿದ್ರಿ. ಹುಲ್ಲು ಸುಟ್ಟ ಬೂದಿ, ಔಡಲೆಣ್ಣಿ ಕೂಡಿಸಿ ಕೀಲೆಣ್ಣಿ ಮಾಡತಿದ್ರು. ಬಂಡಿ ಕೆಳಗ ಒಂದು ಕೊಳವಿಯೊಳಗ ತೂಗಬಿಡತಿದ್ರು" ಎಂದರು ಅವರು. ಮಗ ರಿಮೋಟಿನಿಂದ ಕಣ್ಣು ತೆಗೆಯದೆ "ಹೌದೇನಪಾ?" ಎಂದ. ಅಜ್ಜನ ಬಂಡಿಯ ಸುದ್ದಿಯನ್ನು ಅವನು ಕೇಳಿದ್ದು ಅದೇ ಮೊದಲು.

ಅಪ್ಪ ಹೇಳುತ್ತಾ ಹೋದರು. ಬಂಡಿಯ ಮಾತು, ಊರಿನ ಮಾತು, ಆಮೇಲೆ ತಮ್ಮ ಟಿಪ್ಪರಿನ ಮಾತು. ಟ್ಯಾಂಕು ಖಾಲಿಯಾಗಿ ಟ್ರಕ್ಕು ನಿಂತದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ನಾವು ಡಬ್ಬಿಯ ಮುಚ್ಚಳವನ್ನು ಎರಡು ಸಲ ಬಿಗಿ ಮಾಡಿ, ಶಾಲೆಯ ಕಪಾಟಿನಲ್ಲಿಟ್ಟು, ಬೀಗದ ಕೈಯನ್ನು ನಮ್ಮ ಜೇಬಿಗೆ ಹಾಕಿಕೊಂಡೆವು.

ನಿಮ್ಮ ಶಾಲೆಯಲ್ಲೂ ಇಂಥ ಇಂಜಿನ್ನು ತರುವ ಹುಡುಗನೋ ಹುಡುಗಿಯೋ ಇದ್ದೇ ಇರುತ್ತಾರೆ. ಬೇಡ ಎನ್ನಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಆದರೆ ಬಾಟಲಿ ಎಲ್ಲಿದೆ ಎಂದು ಮೊದಲು ನೋಡಿಕೊಳ್ಳಿ.