ಚೆಲ್ಲಿದ ಮಳೆಯ ಲೆಕ್ಕ

ಮೊನ್ನೆ ಬೆಳಿಗ್ಗೆ, ಇಂಟರ್ನೆಟ್ ಲೈನಿನ ಹರಿವನ್ನು ಗ್ರಾಫಾಗಿ ಬಿಡಿಸುವ ಎಂಆರ್‌ಟಿಜಿಯ ಹಸಿರು ಗುಡ್ಡ ಕೊನೆಗೂ ತನ್ನ ನಿಜವಾದ ಎತ್ತರಕ್ಕೆ ಎದ್ದು ನಿಂತಿತು. ಸುಳ್ಯದ ನಮ್ಮ ತೋಟದ ಮನೆಗೆ 300 ಎಂಬಿಪಿಎಸ್ ಫೈಬರ್ ಬಂದು ವರ್ಷವಾಯಿತು. ರಾತ್ರಿಯಿಡೀ ಡೇಟಾ ಇಳಿಸಿದರೂ ಗ್ರಾಫ್ ಮಾತ್ರ 114ರ ಆಚೆ ಹತ್ತುತ್ತಿರಲಿಲ್ಲ.

ರೂಟರಿನ 32 ಬಿಟ್ ಕೌಂಟರ್ 4,29,49,67,295 ಬೈಟ್ ದಾಟಿದೊಡನೆ ಸೊನ್ನೆಗೆ ಮರಳುತ್ತದೆ. ಎಂಆರ್‌ಟಿಜಿ ಅದನ್ನು ಇಣುಕಿ ನೋಡುವುದು ಐದು ನಿಮಿಷಕ್ಕೊಮ್ಮೆ. 1995ರಲ್ಲಿ ಟೋಬಿಯಸ್ ಓಟಿಕರ್ ಇದನ್ನು ಹೊರತಂದಾಗ ಅವರು ಅಳೆಯಬೇಕಿದ್ದದ್ದು ಲೆಸ್ಟರ್‌ನ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದ 64 ಕಿಲೋಬಿಟ್ ಲೈನನ್ನು. ಅದರಲ್ಲಿ ಕೌಂಟರಿನ ಈ ಪಾತ್ರೆ ತುಂಬಲು ಆರು ದಿನ ಬೇಕು. ನನ್ನ ಫೈಬರಿಗೆ ಎರಡು ನಿಮಿಷ ಸಾಕು. ಐದು ನಿಮಿಷದಲ್ಲಿ ಅದು ಒಂದಕ್ಕಿಂತ ಹೆಚ್ಚು ಸಲ ತುಂಬಿ ಚೆಲ್ಲಿದ್ದು ಲೆಕ್ಕಕ್ಕೇ ಬರುವುದಿಲ್ಲ.

ಮದ್ದು ಬಹಳ ಸಣ್ಣದು. ಕಾನ್ಫಿಗ್ ಫೈಲಿನ ಟಾರ್ಗೆಟ್ ಸಾಲಿನ ಕೊನೆಗೆ ಐದು ಕೋಲನ್, ಮತ್ತೊಂದು 2. ಪೋರ್ಟ್, ಟೈಮ್‌ಔಟ್, ರಿಟ್ರೈ, ಬ್ಯಾಕ್‌ಆಫ್ ಎಲ್ಲ ಖಾಲಿ ಬಿಟ್ಟು, ರೂಟರಿನೊಡನೆ ಮಾತಾಡುವ ಭಾಷೆಯಾದ ಎಸ್‌ಎನ್‌ಎಂಪಿಯ ಎರಡನೇ ಆವೃತ್ತಿಯಲ್ಲಿ ಮಾತಾಡು ಎಂದಷ್ಟೇ ಹೇಳುವುದು. ಆಗ 64 ಬಿಟ್ ಕೌಂಟರ್ ಕೈಗೆ ಸಿಗುತ್ತದೆ. ಇದೇ ಲೈನ್ ಹಗಲುರಾತ್ರಿ ಹರಿದರೂ ಅದು ತುಂಬಲು 15 ಸಾವಿರ ವರ್ಷ ಬೇಕು. ಈ ಐದು ಕೋಲನ್‌ಗಳನ್ನು ಒತ್ತುವಾಗ ಸಿಗುವ ಸುಖವೇ ಬೇರೆ.

ಪುತ್ತೂರಿನ ಗೆಳೆಯನೊಬ್ಬ ಇದನ್ನು ಒಪ್ಪುವುದಿಲ್ಲ. “ಪರ್ಲ್‌ನಲ್ಲಿ ಬರೆದ ಎಂಆರ್‌ಟಿಜಿಯ ಕಾಲ ಮುಗಿಯಿತು ಅಣ್ಣ, ಬಿಸಾಡಿ. ಗ್ರಫಾನಾ ಹಾಕಿ” ಎನ್ನುತ್ತಾನೆ. ಗ್ರಫಾನಾ ತೋರಿಸುವ ಅವನ ಪರದೆಯಲ್ಲಿ ಮುಳ್ಳು ತಿರುಗುವ ಗಡಿಯಾರಗಳಿವೆ. ಅಡಿಯಲ್ಲಿ ಓದುತ್ತಿದ್ದದ್ದು ಅದೇ 32 ಬಿಟ್ ಕೌಂಟರ್. ಗ್ರಫಾನಾದ ಮೇಲೆ ನನಗೆ ಸಿಟ್ಟಿಲ್ಲ. ಅಳೆಯುವ ಪಾತ್ರೆಯನ್ನೇ ನೋಡದೆ ಗೋಡೆಗೆ ಬಣ್ಣ ಬಳಿದು, ಅದನ್ನು ಆಧುನೀಕರಣ ಎಂದು ಕರೆದರೆ ಮೈ ಉರಿಯುತ್ತದೆ. ಹಳತನ್ನು ಬಿಸಾಡುವವನಿಗೆ ಅದು ಎಲ್ಲಿ ಸೋರುತ್ತಿತ್ತು ಎಂಬುದಾದರೂ ಗೊತ್ತಿರಬೇಡವೇ?

ಸೋರುವುದೆಂದರೆ ದೊಡ್ಡಪ್ಪನ ನೆನಪಾಗುತ್ತದೆ. ನಮ್ಮೂರ ಕಡೆಯ ಅನೇಕ ಕೃಷಿಕರಂತೆ ಅವರೂ ದಿನಾ ಬೆಳಿಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಆಟಿ ತಿಂಗಳ ಜಡಿಮಳೆಗೆ ಅವರ ಹಳೇ ಮಾಪಕ ರಾತ್ರಿಯಲ್ಲೇ ತುಂಬಿ ಚೆಲ್ಲುತ್ತಿತ್ತು. ಹಾಗಾಗಿ ಟಾರ್ಚ್ ಹಿಡಿದು, ಗೊರಬೆ ಹೊದ್ದು, ನಡುರಾತ್ರಿ ಅಂಗಳಕ್ಕಿಳಿದು ಒಮ್ಮೆ ಅಳೆದು ಬರುತ್ತಿದ್ದರು. ಆಮೇಲೆ ದೊಡ್ಡ ಮಾಪಕ ತಂದರು. ಪುಸ್ತಕ ಮಾತ್ರ ಅದೇ. ಪುಟದ ನಡುವೆ ಒಂದು ಗೆರೆ ಎಳೆದು, “ಇಂದಿನಿಂದ ಹೊಸ ಪಾತ್ರೆ” ಎಂದು ಬರೆದು, ಕೆಳಗೆ ಲೆಕ್ಕ ಮುಂದುವರಿಸಿದ್ದಾರೆ.

ಮೊನ್ನೆ ನಾನೂ ಕಾನ್ಫಿಗ್ ಫೈಲಿನಲ್ಲಿ ಒಂದು ಹ್ಯಾಶ್ ಹಾಕಿ, ತಾರೀಕು ಬರೆದು, ಪಕ್ಕದಲ್ಲಿ ಅದೇ ಮೂರು ಪದಗಳನ್ನು ಟೈಪ್ ಮಾಡಿದೆ.