ಪೆನ್ನಿನ ಮುಚ್ಚಳ ತೆಗೆಯುವ ಮುನ್ನ

ಮೈಸೂರಿನ ಹೊರಗೆ, ಹುಣಸೂರು ರಸ್ತೆಯಿಂದ ಒಳಕ್ಕೆ ತಿರುಗಿದ ಮಣ್ಣಿನ ದಾರಿಯ ಕೊನೆಯಲ್ಲಿ ನಿಂತಿದ್ದೀರಿ. ಜೆಸಿಬಿ ಆಗಷ್ಟೇ ಕೆರೆದ ಮಣ್ಣಿನ ಹಸಿ ವಾಸನೆಗೆ ಡೀಸೆಲ್ ಹೊಗೆ ಬೆರೆತಿದೆ. ಸುಣ್ಣದ ಗೆರೆಗಳ ನಡುವೆ ಸಾಲಾಗಿ ನೆಟ್ಟ ಕಲ್ಲುಗಳು ಬಿಸಿಲಿಗೆ ಕಣ್ಣು ಕುಕ್ಕುತ್ತಿವೆ.

“ಥರ್ಟಿ ಫಾರ್ಟಿ ಸೈಟು, ಪೂರ್ವ ದಿಕ್ಕು. ಮಿಲಿಟರಿಯವರು ಅಂತ ರೇಟು ಇಳಿಸಿದ್ದೀನಿ ಸರ್,” ಎನ್ನುತ್ತಾನೆ ಬ್ರೋಕರ್. “ಸಂಜೆಯೊಳಗೆ ಅಡ್ವಾನ್ಸ್ ಕೊಟ್ಟುಬಿಡಿ. ಇನ್ನೊಂದು ಪಾರ್ಟಿ ದಾರೀಲಿದೆ.”

ಎಡ ಮಂಡಿ ಜುಮ್ಮೆನ್ನುತ್ತದೆ. ಹಿಮದಲ್ಲಿ ಕಾವಲು ನಿಂತ ರಾತ್ರಿಗಳು ಆ ಮೂಳೆಯೊಳಗೆ ಇನ್ನೂ ಇವೆ. ಜೇಬಿನ ಚೆಕ್ ಪುಸ್ತಕದ ಹಿಂದಿರುವ ಹಣವೂ ಆ ರಾತ್ರಿಗಳದ್ದೇ: ಗ್ರ್ಯಾಚುಟಿ, ಭವಿಷ್ಯ ನಿಧಿ, ಕಮ್ಯೂಟ್ ಮಾಡಿಸಿದ ಅರ್ಧ ಪಿಂಚಣಿ. ಕಮ್ಯೂಟ್ ಆದ ಭಾಗ 15 ವರ್ಷ ತಿಂಗಳ ಪಿಂಚಣಿಗೆ ಸೇರುವುದಿಲ್ಲ. ಈ ಹಣ ಹೋದರೆ ಮತ್ತೆ ದುಡಿಯಲು ಇನ್ನೊಂದು ಸರ್ವಿಸ್ ಇಲ್ಲ.

“ಮೂಲಪತ್ರ ಕೊಡಿ,” ಎನ್ನುತ್ತೀರಿ.

ಅವನು ಜೆರಾಕ್ಸ್ ಕಟ್ಟು ಚಾಚುತ್ತಾನೆ. ಪಹಣಿ, ಮ್ಯುಟೇಶನ್, ಋಣಭಾರ ಪತ್ರ. ಕಾಗದ ಬೆವರಿಗೆ ಬೆರಳಿಗಂಟುತ್ತದೆ. ಒಂದೊಂದೇ ಹಾಳೆ ಮಗುಚುತ್ತೀರಿ. ಹಳೆಯ ಕ್ರಯಪತ್ರದ ಎರಡನೇ ಪುಟದಲ್ಲಿ, ಮಸುಕಾದ ಶಾಯಿಯಲ್ಲಿ ಎರಡು ಪದ: ಸಾಗುವಳಿ ಚೀಟಿ.

ಬೆರಳು ಅಲ್ಲೇ ನಿಲ್ಲುತ್ತದೆ.

“ಸರ್ಕಾರ ಯಾರಿಗೆ ಮಂಜೂರು ಮಾಡಿದ್ದು ಇದು?”

“ಅಯ್ಯೋ, ಹಳೇ ಕತೆ ಸರ್. ಆಮೇಲೆ ಮೂರು ಕೈ ಬದಲಾಗಿದೆ.” ಅವನ ನಗು ತುಸು ತಡವಾಗಿ ಬರುತ್ತದೆ.

ಬೇವಿನ ನೆರಳಿಗೆ ಸರಿದು ಪರಿಚಯದ ವಕೀಲರಿಗೆ ಫೋನ್ ಮಾಡುತ್ತೀರಿ. ಅತ್ತ ಫ್ಯಾನಿನ ಸದ್ದು. ಪುಟ ಓದಿ ಹೇಳುತ್ತೀರಿ. ಅವರ ದನಿ ಗಡುಸಾಗುತ್ತದೆ. “ಪರಿಶಿಷ್ಟ ಜಾತಿ, ಪಂಗಡದವರಿಗೆ ಕೊಟ್ಟ ಭೂಮಿಯಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಕ್ರಯವೇ ಅಸಿಂಧು. 2023ರ ತಿದ್ದುಪಡಿ ಪ್ರಕಾರ ಭೂಮಿ ವಾಪಸ್ ಕೇಳೋಕೆ ಕಾಲಮಿತಿಯೂ ಇಲ್ಲ. ಸಹಿ ಹಾಕಬೇಡಿ.”

ಕಿವಿಯಲ್ಲಿ ನಾಡಿ ಹೊಡೆದುಕೊಳ್ಳುತ್ತಿದೆ. ಬ್ರೋಕರ್ ಪೆನ್ನು ಚಾಚುತ್ತಾನೆ. ರಸ್ತೆಯಲ್ಲಿ ಕಾರಿನ ಹಾರನ್. “ಪಾರ್ಟಿ ಬಂತು ಸರ್!” ಗಂಟಲು ಒಣಗಿದೆ. ಕೈ ಜೇಬಿಗೆ ಹೋಗುತ್ತದೆ. ಚೆಕ್ ಪುಸ್ತಕದ ಅಂಚು ಸಿಗುತ್ತದೆ. ಯಾರೋ ಬಡವರಿಗೆ ಬದುಕಲೆಂದು ಕೊಟ್ಟ ನೆಲ, ಅವರ ಮೊಮ್ಮಕ್ಕಳು ಒಂದು ದಿನ ಬಾಗಿಲಲ್ಲಿ ನಿಂತರೆ? ಅವರ ಮುಖ ನೋಡಿ ಏನು ಹೇಳುತ್ತೀರಿ?

ಕೈ ಖಾಲಿಯಾಗಿ ಹೊರಬರುತ್ತದೆ.

“ಬೇಡ.”

ಬಸ್ಸಿನಲ್ಲಿ ಕೂತಾಗ ಹೆಂಡತಿಯ ಫೋನ್. “ರೀ, ಕೊಟ್ರಾ?” “ಇಲ್ಲ ಕಣೆ.” ಒಂದು ನಿಟ್ಟುಸಿರು. “ಒಳ್ಳೇದೇ ಆಯ್ತು ಬಿಡಿ.”

ಮುಂದಿನ ಹುಡುಕಾಟ ಬೇರೆ ರೀತಿಯದು. ಊರೊಳಗೆ, ಆಗಲೇ ಬಾಡಿಗೆಗಿರುವ ಎರಡು ಕೋಣೆಯ ಹಳೆ ಮನೆ. ಮಳೆ ಸುರಿಯುವಾಗಲೇ ಹೋಗಿ ತಾರಸಿ ಮುಟ್ಟಿ ನೋಡುತ್ತೀರಿ. ಒಂದು ಮೂಲೆ ಒದ್ದೆ, ರಿಪೇರಿಯ ಲೆಕ್ಕ ಬರೆದುಕೊಳ್ಳುತ್ತೀರಿ. ಟೇಪು ಹಿಡಿದು ಚಕ್ಕುಬಂದಿಯ ನಾಲ್ಕೂ ದಿಕ್ಕು ಅಳೆಯುತ್ತೀರಿ. ಖಾತೆ, ಕಂದಾಯ ರಸೀದಿ, ಋಣಭಾರ ಪತ್ರ ಎಲ್ಲವನ್ನೂ ವಕೀಲರ ಮೇಜಿಗೆ ಇಡುತ್ತೀರಿ. ಬೆಲೆಯ ಮೇಲೆ ಮುದ್ರಾಂಕ ಶುಲ್ಕ ಶೇ 5, ಅದಕ್ಕೆ ಸೆಸ್, 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿರುವ ನೋಂದಣಿ ಶುಲ್ಕ. ಇಷ್ಟೂ ಸೇರಿಸಿದ ಮೇಲೂ ಕೂಡಿಟ್ಟದ್ದರಲ್ಲಿ ಅರ್ಧ ಬ್ಯಾಂಕಿನಲ್ಲೇ ಉಳಿಯುತ್ತದೆ.

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಜನರ ಗದ್ದಲ, ಅಂಟಿನ ವಾಸನೆ. ಕ್ಯಾಮೆರಾ ಎದುರು ನೀವೂ ನಿಮ್ಮಾಕೆಯೂ ಕೂರುತ್ತೀರಿ. ಕ್ರಯ ಇಬ್ಬರ ಹೆಸರಿಗೂ. ಹೆಬ್ಬೆಟ್ಟು ಒತ್ತುವಾಗ ಎದೆ ಮತ್ತೆ ಹೊಡೆದುಕೊಳ್ಳುತ್ತದೆ. ಸೈನ್ಯದಲ್ಲಿ ಹುಕುಂ ಮೇಲಿನಿಂದ ಬರುತ್ತಿತ್ತು. ತಪ್ಪಾದರೆ ಹೊರಲು ಇಡೀ ಪ್ಲಟೂನ್ ಇತ್ತು. ಇಲ್ಲಿ ಹುಕುಂ ನಿಮ್ಮದೇ, ಹೊರೆ ಮನೆಯವರದ್ದು. ಅದಕ್ಕೇ ಗಸ್ತಿಗೆ ಮುನ್ನ ನೆಲ ಓದುತ್ತಿದ್ದ ಆ ಶಿಸ್ತನ್ನು ಸಮವಸ್ತ್ರದ ಜತೆ ಮಡಚಿಡಬೇಡಿ. ಬಾಳಿನ ದುಡಿಮೆಯನ್ನು ಕಾಯುವ ಕೆಲಸ ಈಗ ಶುರುವಾಗಿದೆ.