ಹನ್ನೊಂದು ಸಾಲಿನ ಹೆಬ್ಬೆಟ್ಟು

ತಿಂಗಳೊಂದರಲ್ಲಿ ಕಾದಂಬರಿ ಬರೆದು ಮುಗಿಸುವ ಪದ್ಧತಿ ನಮ್ಮದಲ್ಲ. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದ ಕ್ರಿಸ್ ಬೇಟಿ ಮತ್ತು ಆತನ ಗೆಳೆಯರು, ಒಟ್ಟು 21 ಮಂದಿ, ಇದನ್ನು ಪಂಥವೊಂದರಂತೆ ಆರಂಭಿಸಿದರು. ಮರುವರ್ಷ ಅದು ನವೆಂಬರ್ ತಿಂಗಳಲ್ಲಿ ನೆಲೆಗೊಂಡು, ಕ್ರಮೇಣ ಬೇರೆ ದೇಶಗಳಿಗೂ ಹಬ್ಬಿತು. 30 ದಿನ, 50,000 ಪದ, ದಿನವೊಂದಕ್ಕೆ 1,667. ಲೆಕ್ಕ ಇಷ್ಟು ನೇರವಾಗಿದ್ದುದರಿಂದಲೇ ನನ್ನಂಥ ಕೇಂದ್ರ ಸರ್ಕಾರಿ ನೌಕರನಿಗೆ ಅದು ಹಿಡಿಸಿತು. ಗುರಿ, ಗಡುವು, ದಿನದ ಪ್ರಗತಿ ವರದಿ ನಮಗೆ ಹೊಸವಲ್ಲವಷ್ಟೆ.

ಕನ್ನಡಕ್ಕೆ ಬಂದಾಗ ಈ ಲೆಕ್ಕ ಕದಲುತ್ತದೆ. ಇಂಗ್ಲಿಷಿನಲ್ಲಿ ಏಳೆಂಟು ಪದ ಬೇಡುವ ಮಾತನ್ನು ನಾವು 'ಮನೆಯಲ್ಲಿದ್ದವರಿಗೂ' ಎಂದು ಒಂದೇ ಪದದಲ್ಲಿ ಮುಗಿಸಿಬಿಡುತ್ತೇವೆ. ಆದ್ದರಿಂದ ದಿನಕ್ಕೆ ಸಾವಿರ ಪದವೆಂದು ಗೊತ್ತುಮಾಡಿಕೊಂಡೆ. ದೆಹಲಿಯ ನವೆಂಬರಿನ ಹೊಗೆಮಂಜಿನಲ್ಲಿ, ಬೆಳಗಿನ ನಾಲ್ಕೂವರೆಯಿಂದ ಆರೂವರೆಯವರೆಗೆ, ಆರ್.ಕೆ. ಪುರದ ಸರ್ಕಾರಿ ವಸತಿಯ ಅಡುಗೆಮನೆಯಲ್ಲಿ ಕುಳಿತು ಬರೆದೆ. ಮೂವತ್ತನೆಯ ದಿನ 31,240 ಪದಗಳ ಕರಡು ಸಿದ್ಧವಾಗಿತ್ತು. ರಾಣೆಬೆನ್ನೂರು ಕಡೆಯ ಹಳ್ಳಿಯೊಂದರಲ್ಲಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳ ಹೆಸರು ಹೊಲದ ಉತಾರದಿಂದ ಹೇಗೆ ಮರೆಯಾಯಿತೆಂಬುದು ಅದರ ಕಥೆ.

ವೇಗವಾಗಿ ಬರೆದದ್ದು ಹಗುರವಾಗಿಯೇ ಇರುತ್ತದೆಂದು ಹೇಳಲಾಗದು. ದಸ್ತಯೇವ್‌ಸ್ಕಿ 1866ರ ಅಕ್ಟೋಬರಿನಲ್ಲಿ 'ಜೂಜುಗಾರ'ನನ್ನು ಶೀಘ್ರಲಿಪಿಗಾರ್ತಿ ಅನ್ನಾಳಿಗೆ ಹೇಳಿ ಬರೆಸಿ 26 ದಿನಗಳಲ್ಲಿ ಮುಗಿಸಿದ. ಗಡುವು ತಪ್ಪಿದ್ದರೆ ಒಂಬತ್ತು ವರ್ಷಗಳ ಕಾಲ ಆತನ ಬರಹಗಳನ್ನು ಬಿಡಿಗಾಸೂ ಕೊಡದೆ ಅಚ್ಚು ಹಾಕುವ ಹಕ್ಕು ಪ್ರಕಾಶಕನ ಪಾಲಾಗುತ್ತಿತ್ತು. ಆ 26 ದಿನಗಳನ್ನು ಎಲ್ಲರೂ ಎಣಿಸುತ್ತಾರೆ. ಅದಕ್ಕೂ ಮೊದಲು ರೂಲೆಟ್ ಮೇಜಿನ ಮುಂದೆ ಆತ ಕಳೆದುಕೊಂಡದ್ದನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಜ್ಯಾಕ್ ಕೆರೊವಾಕ್ 1951ರ ಏಪ್ರಿಲಿನಲ್ಲಿ ಸುಮಾರು 120 ಅಡಿ ಉದ್ದದ ಕಾಗದದ ಸುರುಳಿಯ ಮೇಲೆ ಮೂರು ವಾರಗಳಲ್ಲಿ 'ಆನ್ ದ ರೋಡ್' ಅನ್ನು ಬೆರಳಚ್ಚಿಸಿದನೆಂಬುದು ಪ್ರಸಿದ್ಧ. ಅದು ಪುಸ್ತಕವಾಗಿ ಬಂದದ್ದು 1957ರಲ್ಲಿ. ನನಗೆ ಈಗ ಕುತೂಹಲವಿರುವುದು ಆ ಮೂರು ವಾರಗಳಿಗಿಂತ ನಡುವಿನ ಆರು ವರ್ಷಗಳ ಬಗ್ಗೆ.

ಎಂಟು ವಾರ ಕರಡನ್ನು ಮುಟ್ಟಲಿಲ್ಲ. ಗಣರಾಜ್ಯೋತ್ಸವದ ರಜೆಯಲ್ಲಿ ಮುದ್ರಿಸಿಕೊಂಡು, ಪೆನ್ಸಿಲ್ ಹಿಡಿದು ಕುಳಿತೆ.

ಕಚೇರಿಯಲ್ಲಿ ಕರಡು ಎಂಬ ಪದವನ್ನು ದಿನಕ್ಕೆ ಹತ್ತು ಸಲವಾದರೂ ಬಳಸುತ್ತೇವೆ. ಕೆಳಗಿನವನು ಬರೆದು ಮಂಡಿಸುತ್ತಾನೆ, ಮೇಲಿನವನು ತಿದ್ದುತ್ತಾನೆ, ಅವನ ಮೇಲಿನವನು ಆ ತಿದ್ದುಪಡಿಯನ್ನೂ ತಿದ್ದುತ್ತಾನೆ. ಕಡತ ಮೇಲೇರುತ್ತ ಹೋದಂತೆ ಹೊಣೆಯೂ ಹಂಚಿಹೋಗುತ್ತದೆ. ಕಾದಂಬರಿಯ ಕಡತಕ್ಕೆ ಮೇಲಧಿಕಾರಿಯಿಲ್ಲ. ಅಲ್ಲಿಯ ಕೆಂಪು ಶಾಯಿಯೂ ನನ್ನದೇ.

ಮೊದಲು ಕಣ್ಣಿಗೆ ಬಿದ್ದದ್ದು ಸಂಭಾಷಣೆ. ಅಕ್ಷರ ಬಾರದ ನನ್ನ ನಾಯಕಿ ಊರ ಹಿರಿಯರ ಮುಂದೆ ನಿಂತು, "ಈ ಜಮೀನಿನ ಮೇಲೆ ನನಗೂ ಹಕ್ಕಿದೆ ಎಂಬುದನ್ನು ತಾವು ಗಮನಿಸಬೇಕು" ಎನ್ನುತ್ತಿದ್ದಳು. ಹತ್ತೊಂಬತ್ತು ವರ್ಷ ಹಿಂದಿ ಮತ್ತು ಇಂಗ್ಲಿಷಿನ ಟಿಪ್ಪಣಿ ಬರೆದ ಕೈ ಅವಳ ಬಾಯಿಗೂ ಟಿಪ್ಪಣಿಯನ್ನೇ ತುರುಕಿತ್ತು. ಹೊರನಾಡಿನ ನಮಗೆ ಈ ಅಂಜಿಕೆ ಪರಿಚಿತ: ಊರಿನ ಮಾತು ಕಿವಿಯಲ್ಲಿ ಉಳಿದಿದೆಯೆ, ಇಲ್ಲವೆ? ದೂರವೇ ಇದಕ್ಕೆ ಕಾರಣವೆನ್ನುವಂತೆಯೂ ಇಲ್ಲ. 'ಸಂಸ್ಕಾರ' ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿತು. ಚಿತ್ತಾಲರು 'ಶಿಕಾರಿ'ಯನ್ನು ಬರೆದದ್ದು ಮುಂಬಯಿಯಲ್ಲಿದ್ದುಕೊಂಡು. ಪ್ರತಿ ಮಾತನ್ನೂ ಗಟ್ಟಿಯಾಗಿ ಓದಿಕೊಳ್ಳುತ್ತ ಬಂದೆ. ನಾಲ್ಕನೆಯ ದಿನ ಅವಳೇ ಆಡಿದಂತೆ ಕೇಳಿಸಿತು: "ಇಪ್ಪತ್ತು ವರ್ಷ ಈ ಹೊಲದಾಗ ಕಸಾ ಕಿತ್ತೇನಿ. ಹೊಲ ಯಾರದಂತ ನನ್ನ ಕೈ ಕೇಳ್ರಿ."

ಎರಡನೆಯದು ಇದಕ್ಕಿಂತ ಕಠಿಣವಾಗಿತ್ತು. ಕಥೆಯ ನಡುಗಂಬವಾದ ಘಟನೆ, ಅಂದರೆ ಹಕ್ಕು ಬಿಡುಗಡೆ ಪತ್ರಕ್ಕೆ ಅವಳ ಹೆಬ್ಬೆಟ್ಟು ಬೀಳುವ ಗಳಿಗೆ, ಕರಡಿನಲ್ಲಿ ಹನ್ನೊಂದು ಸಾಲಿನಲ್ಲಿ ಮುಗಿದಿತ್ತು. ತಾಲ್ಲೂಕು ಕಚೇರಿಗೆ ಹೋಗುವ ಬಸ್ಸಿನ ವರ್ಣನೆಗೇ ಮೂರು ಪುಟವಿತ್ತು. ಆ ಹನ್ನೊಂದು ಸಾಲಿನಲ್ಲಿ ಒಂದು ವಾಕ್ಯ ಹೀಗಿತ್ತು: "ಅವಳಿಂದ ಹೆಬ್ಬೆಟ್ಟು ಒತ್ತಿಸಲಾಯಿತು."

ಒತ್ತಿಸಲಾಯಿತು. ನಿರ್ಧರಿಸಲಾಗಿದೆ, ಸೂಚಿಸಲಾಗಿದೆ, ವಜಾ ಮಾಡಲಾಗಿದೆ ಎಂಬ ವಾಕ್ಯಗಳ ನಡುವೆ ಬದುಕುವವರಿಗೆ ಈ ಕ್ರಿಯಾಪದದ ಅನುಕೂಲ ಚೆನ್ನಾಗಿ ಗೊತ್ತು. ಕೆಲಸ ನಡೆದಿರುತ್ತದೆ, ಮಾಡಿದವನು ಇರುವುದಿಲ್ಲ. ಪೆನ್ಸಿಲಿನಿಂದ ಅಂಚಿನಲ್ಲಿ 'ಯಾರು?' ಎಂದು ಬರೆದೆ. ಉತ್ತರವನ್ನು ಹುಡುಕಬೇಕಾಗಿರಲಿಲ್ಲ. ಆ ಹೆಂಗಸು ನನ್ನ ದೊಡ್ಡವ್ವ. ಒತ್ತಿಸಿದವರು ಅವಳ ಮೈದುನ, ನನ್ನ ಅಪ್ಪ. ಹಳ್ಳದ ದಂಡೆಯ ಆ ಹೊಲದ ಮೆಣಸಿನಕಾಯಿ ಬ್ಯಾಡಗಿಯ ಮಾರುಕಟ್ಟೆಗೆ ಹೋಗಿ, ಅದರ ಹಣ ಧಾರವಾಡಕ್ಕೆ ಬಂದು, ನಾನು ಇಂಗ್ಲಿಷ್ ಎಂ.ಎ. ಓದಿದೆ.

ತಿಂಗಳ ಓಟದಲ್ಲಿ ಕೈ ಈ ಸ್ಥಳವನ್ನು ದಾಟಿಕೊಂಡು ಹೋಗಬಲ್ಲದು. ನಾಳೆಯ ಸಾವಿರ ಪದ ಕಾಯುತ್ತಿರುತ್ತದೆ. ತಿದ್ದುವಾಗ ಆ ಸವಲತ್ತಿಲ್ಲ. ಬರೆದದ್ದರಲ್ಲಿ ಎಲ್ಲಿ ಉಸಿರು ಗಿಡ್ಡವಾಗಿದೆಯೋ ಅಲ್ಲಿಯೇ ಕುಳಿತುಕೊಳ್ಳಬೇಕಾಗುತ್ತದೆ. ಕುಳಿತ ಮೇಲೆ ಇನ್ನೊಂದು ಕಷ್ಟ ಎದುರಾಯಿತು: ಮೈದುನನನ್ನು ಖಳನನ್ನಾಗಿ ಮಾಡಿದರೆ ಪುಟಗಳು ಸಲೀಸಾಗಿ ತುಂಬುತ್ತಿದ್ದವು. ಆದರೆ ಎರಡು ಬರಗಾಲ, ಸಹಕಾರಿ ಸಂಘದ ಸಾಲ, ಮದುವೆಗೆ ನಿಂತ ತಂಗಿಯರು, ಓದುವ ಮಗ ಇವೆಲ್ಲ ಅವನ ಬೆನ್ನ ಮೇಲಿದ್ದವು. ಅವನನ್ನು ಅರ್ಥಮಾಡಿಕೊಳ್ಳುತ್ತ ಹೋದಷ್ಟೂ ಅವಳ ಹೊಲ ಮತ್ತೊಮ್ಮೆ ಅವಳ ಕೈತಪ್ಪುವ ಅಪಾಯವಿತ್ತು. ಇಬ್ಬರನ್ನೂ ಒಂದೇ ಮೇಜಿನ ಮುಂದೆ ನಿಲ್ಲಿಸಿ, ಶಾಯಿಯ ಪೆಟ್ಟಿಗೆಯನ್ನು ಅವನ ಕೈಗೇ ಕೊಟ್ಟೆ. ಬೆರಳಿನ ಶಾಯಿಯನ್ನು ಅವಳು ಒರೆಸಿಕೊಳ್ಳುವುದಿಲ್ಲ. ಊರು ಮುಟ್ಟುವ ತನಕ ಹಾಗೆಯೇ ಹಿಡಿದಿರುತ್ತಾಳೆ. ಹನ್ನೊಂದು ಸಾಲು ಈಗ ಹದಿನಾಲ್ಕು ಪುಟವಾಗಿದೆ.

ದೊಡ್ಡವ್ವ ಈಗಿಲ್ಲ. ಅಪ್ಪನಿಗೆ ಎಪ್ಪತ್ತೆಂಟು, ಕನ್ನಡಕ ಏರಿಸಿಕೊಂಡು ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾರೆ. ಕಳೆದ ವಾರ ಫೋನಿನಲ್ಲಿ, "ಏನ ಬರಿಯಾಕತ್ತೀ ಅಂತ, ಹೌದೇನು?" ಎಂದರು. ಹೊಲದ ಕತೆ ಎಂದೆ. "ಯಾವ ಹೊಲ?" ಹಳ್ಳದ ದಂಡೆಯದು ಎಂದೆ. ಬಹಳ ಹೊತ್ತು ಮಾತಿಲ್ಲ. ಹಿಂದೆ ಎಲ್ಲೋ ಎಮ್ಮೆಯ ಕೊರಳ ಗಂಟೆ ಕೇಳಿಸುತ್ತಿತ್ತು. ಆಮೇಲೆ, "ಬರೂ ಮುಂದ ತಗೊಂಡ ಬಾ" ಎಂದಷ್ಟೇ ಹೇಳಿ ಫೋನನ್ನು ಅವ್ವನ ಕೈಗೆ ಕೊಟ್ಟರು.

ಇನ್ನೂ ಒಂಬತ್ತು ಅಧ್ಯಾಯ ತಿದ್ದುವುದಿದೆ. ಮೇ ತಿಂಗಳಿಗೆ ಹದಿನೈದು ದಿನ ಗಳಿಕೆ ರಜೆ ಕೇಳಿದ್ದೇನೆ.